ಪೇಪರಿನಲ್ಲಿ ಬಂದದ್ದು

ಬೆಂಗಳೂರಿನಿಂದ ಬರುವ ಮೊದಲನೆಯ ಬಸ್ಸು ಇವತ್ತೊಂದು ದಿನ ದಾರಿಯಲ್ಲಿ ಎಲ್ಲಾದರೂ ಕೆಟ್ಟು ನಿಲ್ಲಲಿ ಎಂದು ಕೆಂಚಯ್ಯ ಬೆಳಿಗ್ಗೆ ಹಲ್ಲುಜ್ಜುವಾಗಲೇ ಬಯಸಿದ್ದ. ಬಯಸಿದ ಮೇಲೆ, ಬಸ್ಸಿನಲ್ಲಿ ಹೆಂಗಸರು ಮಕ್ಕಳು ಇರುತ್ತಾರಲ್ಲ ಎಂದು ನೆನಪಾಗಿ ನಾಚಿಕೆಯೂ ಆಗಿತ್ತು. ಬಸ್ಸು ಎಂದಿನಂತೆ ಒಂಬತ್ತೂವರೆಗೆ ಬಂದು ಗುಂಡಯ್ಯನ ಹೋಟೆಲಿನ ಮುಂದೆ ನಿಂತಿತು. ಕಂಡಕ್ಟರು ಪೇಪರಿನ ಸುರುಳಿಯನ್ನು ಅವನ ತೊಡೆಯ ಮೇಲೆ ಎಸೆದು, 'ಇವತ್ತು ಯಾವ್ ದೇಶ ಮುಳುಗ್ತು ಓದಿ ಮೇಷ್ಟ್ರೇ' ಎಂದು ಕಾಫಿಗೆ ಒಳಕ್ಕೆ ಹೋದ. ಕೆಂಚಯ್ಯ ಕೂತಿದ್ದದ್ದು ಹೊರಗಿನ ಜಗುಲಿಯ ಮೇಲೆ. ಹಿರೀಸಾವೆಗೆ ಸ್ಕೂಲು ಮೇಷ್ಟ್ರಾಗಿ ಬಂದ ನಾಲ್ಕು ವರ್ಷದಿಂದಲೂ ಅವನ ಜಾಗ ಅದೇ. ದಂಡಿಗನಹಳ್ಳಿಯ ಕೇರಿಯಲ್ಲಿ ಹುಟ್ಟಿದವನು ಎಷ್ಟು ಪರೀಕ್ಷೆ ಪಾಸು ಮಾಡಿದರೂ ಒಳಗಿನ ಬೆಂಚು ಅವನದಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ತನ್ನ ಲೋಟವನ್ನು ತಾನೇ ತೊಳೆದು ಕಂಬದ ಬುಡದಲ್ಲಿ ಬೋರಲು ಹಾಕಿಡುತ್ತಿದ್ದ. ಅದಕ್ಕೆ ಪ್ರತಿಯಾಗಿ ಊರು ಅವನಿಗೆ ಪೇಪರು ಓದುವ ಮರ್ಯಾದೆಯನ್ನು ಕೊಟ್ಟಿತ್ತು.

ಆ ಮರ್ಯಾದೆ ಅವನಿಗೆ ಇಷ್ಟವಾಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅವನು ಬಾಯಿ ತೆರೆದರೆ ಒಳಗಿನವರು ಲೋಟ ಕುಕ್ಕುವುದನ್ನು ನಿಲ್ಲಿಸುತ್ತಿದ್ದರು. ಪೇಪರಿನ ಭಾಷೆ ಇದ್ದ ಹಾಗೇ ಓದಿದರೆ ಯಾರ ತಲೆಗೂ ಹತ್ತುವುದಿಲ್ಲವೆಂದು ಒಂದು ಸಾಲು ಓದುವುದು, ಆಮೇಲೆ ಅದನ್ನೇ ತನ್ನ ಮಾತಿನಲ್ಲಿ ಬಿಡಿಸಿ ಹೇಳುವುದು, ಹೀಗೆ ಒಂದು ಪದ್ಧತಿ ಮಾಡಿಕೊಂಡಿದ್ದ. ಬರಬರುತ್ತ ಅಚ್ಚಿನ ಮಾತು ಎಲ್ಲಿ ಮುಗಿಯಿತು, ಮೇಷ್ಟ್ರ ಮಾತು ಎಲ್ಲಿ ಶುರುವಾಯಿತು ಎನ್ನುವುದು ಕೇಳುವವರಿಗಿರಲಿ, ಅವನಿಗೇ ಮರೆತುಹೋಗುತ್ತಿತ್ತು. ಎಲ್ಲೋ ರೈಲು ಹಳಿ ತಪ್ಪಿದರೆ ಒಳಗೆ ಅಯ್ಯೋ ಎನ್ನುತ್ತಿದ್ದರು. ವರದಕ್ಷಿಣೆಗಾಗಿ ಸೊಸೆಯನ್ನು ಸುಟ್ಟರೆಂದರೆ, ಇಂಥವರ ಕೈ ಸೇದಿಹೋಗಬಾರದೇ ಎಂದು ಬೆಂಚು ಗುದ್ದುತ್ತಿದ್ದರು. ಎಲ್ಲರೂ ಸೇರಿ ಮರುಗುವಾಗ ಜಗುಲಿಗೂ ಬೆಂಚಿಗೂ ನಡುವಿನ ಬಾಗಿಲು ಇಲ್ಲವೇನೋ ಅನ್ನಿಸುತ್ತಿತ್ತು. ಕೆಂಚಯ್ಯ ಆ ಹೊತ್ತಿಗಾಗಿಯೇ ಬೆಳಿಗ್ಗೆ ಬೇಗ ಸ್ನಾನ ಮಾಡಿ ಬರುತ್ತಿದ್ದ.

ಇವತ್ತು ಮಾತ್ರ ಸುರುಳಿ ಬಿಚ್ಚಲು ಕೈ ಬರಲಿಲ್ಲ. ನಿನ್ನೆಯ ಪೇಪರಿನ ಕೊನೆಯ ಪುಟದಲ್ಲಿ, ಎಣ್ಣೆಯ ಜಾಹೀರಾತಿನ ಕೆಳಗೆ, ನಾಲ್ಕು ಸಾಲು ಇತ್ತು. 'ಹಿರೀಸಾವೆ: ಇಲ್ಲಿಗೆ ಸಮೀಪದ ಗ್ರಾಮವೊಂದರಲ್ಲಿ ದ್ಯಾವಯ್ಯನೆಂಬ ಕೂಲಿಯವನು ಮದ್ಯಪಾನದ ಅಮಲಿನಲ್ಲಿ ಕಾಲು ಜಾರಿ ಬಾವಿಗೆ ಬಿದ್ದು ಮೃತಪಟ್ಟನೆಂದು ತಿಳಿದುಬಂದಿದೆ.' ನಿನ್ನೆ ಅದನ್ನು ಕಂಡ ಕೂಡಲೇ ಕೆಂಚಯ್ಯ ಪುಟ ಮಡಚಿ, 'ನಮ್ಮ ಕಡೆ ಸುದ್ದಿ ಏನೂ ಇಲ್ಲ' ಎಂದು ಎದ್ದುಹೋಗಿದ್ದ. ಆ ಸಾಲುಗಳು ಅವನವೇ. ಪೇಪರಿನವರು ಬರೆದದ್ದಲ್ಲ, ಹನ್ನೊಂದು ದಿನದ ಹಿಂದೆ ಚನ್ನಪ್ಪನ ಹೊಲದ ಬಾವಿಯ ಪಕ್ಕದಲ್ಲಿ, ಹೊಂಗೆ ಮರದ ಕೆಳಗೆ, ಅವನು ತನ್ನ ಕೈಯಾರೆ ಮಹಜರಿನಲ್ಲಿ ಬರೆದದ್ದು.

ಅವತ್ತು ದಫೇದಾರರು ಚನ್ನಪ್ಪನ ಮನೆಯಿಂದ ತರಿಸಿದ ಮಂಚದ ಮೇಲೆ ಕೂತಿದ್ದರು. ದ್ಯಾವಯ್ಯನ ಮೇಲೆ ಕಂಬಳಿ ಹೊದಿಸಿದ್ದರು. ಕಂಬಳಿ ಗಿಡ್ಡವಾಗಿ ಪಾದಗಳೆರಡೂ ಹೊರಗಿದ್ದವು, ಬೆರಳ ಸಂದಿಯಲ್ಲಿ ಬಾವಿಯ ಹೂಳು ಇನ್ನೂ ಹಸಿಯಾಗಿತ್ತು. ಅಷ್ಟು ಜನರಲ್ಲಿ ನೆಟ್ಟಗೆ ಬರೆಯಬಲ್ಲವನು ಕೆಂಚಯ್ಯನೊಬ್ಬನೇ ಎಂದು ಅವನನ್ನು ಸ್ಕೂಲಿನಿಂದ ಕರೆಸಿದ್ದರು. ದಫೇದಾರರು ಹೇಳುತ್ತ ಹೋದರು, ಅವನು ಬರೆಯುತ್ತ ಹೋದ. 'ಮದ್ಯಪಾನದ ಅಮಲಿನಲ್ಲಿ' ಎಂದಾಗ ಲೇಖನಿ ನಿಂತಿತು. ದ್ಯಾವಯ್ಯ ಹೆಂಡದ ಹತ್ತಿರ ಸುಳಿದವನಲ್ಲ, ಅದು ಕೇರಿಯ ನಾಯಿಗೂ ಗೊತ್ತು. 'ಯಾಕ್ರೀ ನಿಲ್ಲಿಸಿದ್ರಿ? ಬರೆಯೋಕೆ ಬರಲ್ವಾ? ಬೇರೆ ಯಾರನ್ನಾದ್ರೂ ಕರೆಸ್ಲಾ?' ಎಂದರು ದಫೇದಾರರು. ಯಾರೋ ಹಿಂದೆ ಕಿಸಕ್ಕೆಂದರು. ಆ ನಗು ಒಂದು ಸಾಕಾಯಿತು. ತನಗೆ ಬರೆಯಲು ಬರುತ್ತದೆ ಎಂದು ತೋರಿಸಲಿಕ್ಕೇ ಎನ್ನುವ ಹಾಗೆ ಕೆಂಚಯ್ಯ ಸರಸರನೆ ಬರೆದುಬಿಟ್ಟ. ಐದು ಜನ ಪಂಚರು ಹೆಬ್ಬೆಟ್ಟೊತ್ತಿ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು. ದಫೇದಾರರು ಕಾಗದವನ್ನು ಬೆಳಕಿಗೆ ಹಿಡಿದು, 'ಮುತ್ತಿನಂಥ ಅಕ್ಷರ ಮೇಷ್ಟ್ರೇ' ಎಂದರು. ಹೆಣ ಮುಂದಿದ್ದಾಗಲೂ ಆ ಮಾತಿಗೆ ತನ್ನ ಎದೆ ಒಂದು ಕ್ಷಣ ಉಬ್ಬಿತಲ್ಲ, ಅದನ್ನು ಮರೆಯಬೇಕೆಂದು ಹನ್ನೊಂದು ದಿನದಿಂದ ಪ್ರಯತ್ನಪಡುತ್ತಿದ್ದ. ಮನೆಗೆ ಬಂದಾಗ ಹೆಂಡತಿ ಸಣ್ಣಕ್ಕ ಒಂದೇ ಒಂದು ಮಾತು ಕೇಳಿದ್ದಳು, 'ಅವ್ನು ಕುಡೀತಿದ್ನಾ?' ಉತ್ತರಕ್ಕೆ ಕಾಯದೆ ಹಿಟ್ಟು ತೊಳಸಲು ಕೂತಿದ್ದಳು.

'ಓದಿ ಮೇಷ್ಟ್ರೇ, ಬಸ್ಸು ಹೊರಟೋಗ್ತದೆ' ಎಂದು ಒಳಗಿನಿಂದ ಪುಟ್ಟಸ್ವಾಮಿ ಕೂಗಿದ. ಪುಟ್ಟಸ್ವಾಮಿ ಚನ್ನಪ್ಪನ ತಮ್ಮ, ಪಟ್ಟಣದಲ್ಲಿ ಎರಡು ವರ್ಷ ಹೈಸ್ಕೂಲು ಓದಿ ಬಿಟ್ಟವನು, ಅನ್ಯಾಯ ಕಂಡರೆ ಆಗದವನೆಂದು ಹೆಸರು. ಅವನ ಪಕ್ಕದಲ್ಲಿ ಚನ್ನಪ್ಪ ಕಾಲು ಮಡಚಿ ಬೆಂಚಿನ ಮೇಲೆ ಕೂತಿದ್ದ. ಚನ್ನಪ್ಪ ಓದು ಬಾರದ ಮನುಷ್ಯ, ಗಟ್ಟಿಯಾಗಿ ಮಾತಾಡುವವನೂ ಅಲ್ಲ. ಕೆಂಚಯ್ಯ ಊರಿಗೆ ಬಂದ ವರ್ಷ ಮನೆಗೆ ಸೂರು ಹೊದಿಸಲು ಎರಡು ಗಾಡಿ ಹುಲ್ಲು ಕಳಿಸಿದ್ದವನು. ಕೆಂಚಯ್ಯ ಸುರುಳಿ ಬಿಚ್ಚಿ ಕಣ್ಣಿಗೆ ಬಿದ್ದದ್ದನ್ನು ಓದತೊಡಗಿದ. ಅಮೇರಿಕ ದೇಶದಲ್ಲಿ ಕರಿಯ ಜನರ ಹುಡುಗರು ಹೋಟೆಲಿನೊಳಗೆ ಹೋಗಿ ಕೂತು ಕಾಫಿ ಕೇಳಿದರಂತೆ. ಹೋಟೆಲಿನವರು ಕೊಡುವುದಿಲ್ಲ ಎಂದರಂತೆ. ಇವರು ಏಳುವುದಿಲ್ಲ ಎಂದು ಕೂತರಂತೆ. ಬಿಳಿಯರು ಅವರ ತಲೆಯ ಮೇಲೆ ಸಕ್ಕರೆ ಸುರಿದು, ಉಗಿದು, ಎಳೆದು ಹಾಕಿದರಂತೆ.

'ಥೂ, ಅವ್ರ ಮನೆ ಹಾಳಾಗ! ಕಾಫಿ ಕುಡಿಯೋಕೂ ಬ್ಯಾಡ್ವಾ?' ಎಂದು ಪುಟ್ಟಸ್ವಾಮಿ ಬೆಂಚು ಗುದ್ದಿದ. ಗುದ್ದಿದ ರಭಸಕ್ಕೆ ಅಣ್ಣನ ಲೋಟ ತುಳುಕಿತು. 'ಅವ್ರೂ ಮನುಸ್ರಲ್ವೇನ್ಲಾ' ಎಂದು ಚನ್ನಪ್ಪನೂ ನೊಂದುಕೊಂಡ. ಬಸ್ಸಿನಿಂದ ಇಳಿದವನೊಬ್ಬ, ದೇವರು ನೋಡಿಕೊಳ್ಳುತ್ತಾನೆ ಬಿಡಿ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಆದರೆ ಗುಂಡಯ್ಯನ ಹೋಟೆಲಿನಲ್ಲಿ ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಮಾತಿಗೆ ಮಾತು ಸೇರಿಸುವುದಕ್ಕೆ ಕೆಂಚಯ್ಯನೂ, 'ಹೌದು, ಘೋರ ಅನ್ಯಾಯ' ಎಂದ. ಎಂದವನು ಕಂಬದ ಬುಡದ ಲೋಟವನ್ನು ನೋಡಿದ. ಅವನಿಗೆ ಸಿಟ್ಟು ಬಂದದ್ದು ಪುಟ್ಟಸ್ವಾಮಿಯ ಮೇಲಲ್ಲ. ಪುಟ್ಟಸ್ವಾಮಿಯ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. ಏಳುವುದಿಲ್ಲ ಎಂದು ಕೂತ ಆ ಹುಡುಗರ ಮೇಲೆ ಸಿಟ್ಟು ಬಂತು, ಎಲ್ಲೋ ಕೂತು ತನ್ನನ್ನು ಇಲ್ಲಿ ಚಿಕ್ಕವನನ್ನಾಗಿ ಮಾಡಿದರಲ್ಲ ಎಂದು.

ಆಗ ಮಾಯಮ್ಮ ಬಂದಳು. ದ್ಯಾವಯ್ಯನ ಹೆಂಡತಿ. ತಲೆಯ ಮೇಲಿನ ಸೌದೆ ಹೊರೆಯನ್ನು ಹೋಟೆಲಿನ ಹಿಂಬದಿಗೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು ಜಗುಲಿಯ ಕೆಳಗೆ ಬಂದು ನಿಂತಳು. ಅವಳೂ ದಂಡಿಗನಹಳ್ಳಿಯ ಕೇರಿಯ ಮಗಳೇ. ಮನೆಯಲ್ಲಿ ಕೆಂಚಯ್ಯನನ್ನು ಅಣ್ಣಯ್ಯ ಎನ್ನುವವಳು, ನಾಲ್ಕು ಜನರೆದುರು ಮೇಷ್ಟ್ರೇ ಎನ್ನುತ್ತಿದ್ದಳು.

'ಮೇಷ್ಟ್ರೇ, ನನ್ ಗಂಡನ ಎಸ್ರು ಪೇಪರಲ್ಲಿ ಬಂದೈತಂತೆ. ಗುಂಡಯ್ಯನೋರು ಏಳುದ್ರು. ವಸಿ ಓದಿ.'

ಗುಂಡಯ್ಯ ಆಗಲೇ ನಿನ್ನೆಯ ಪೇಪರನ್ನು ವಡೆಯ ಬುಟ್ಟಿಯ ಕೆಳಗಿನಿಂದ ಎಳೆದು ತಂದಿದ್ದ. ಜಿಡ್ಡು ಹತ್ತಿದ ಪುಟವನ್ನು ಕೆಂಚಯ್ಯನ ಕೈಗಿಟ್ಟು, 'ನಿನ್ನೆ ಇದೊಂದು ನಿಮ್ಮ ಕಣ್ತಪ್ಪಿತು ಅಂತ ಕಾಣುತ್ತೆ ಮೇಷ್ಟ್ರೇ' ಎಂದ. ಅವನ ಮುಖದಲ್ಲಿ ಚೇಷ್ಟೆ ಇತ್ತೋ ಕನಿಕರವಿತ್ತೋ ತಿಳಿಯಲಿಲ್ಲ. ಗುಂಡಯ್ಯನಿಗೆ ಓದಲು ಬರುತ್ತದೆ. ಅಂದರೆ ಅವನು ಓದಿದ್ದಾನೆ. ಕಣ್ತಪ್ಪಿದ್ದಲ್ಲ ಎಂಬುದೂ ಅವನಿಗೆ ಗೊತ್ತು. ಕೆಂಚಯ್ಯನ ಕಿವಿ ಬಿಸಿಯಾಯಿತು. 'ಪಾಪ, ದ್ಯಾವನ್ದಾ? ಓದಿ, ಓದಿ' ಎಂದ ಚನ್ನಪ್ಪ. ಅವನ ದನಿಯಲ್ಲಿ ಅಳುಕಿರಲಿಲ್ಲ. ಮಹಜರಿನಲ್ಲಿ ಏನಿದೆಯೋ ಅದೇ ಪೇಪರಿನಲ್ಲಿ ಬಂದಿರುತ್ತದೆ ಎನ್ನುವುದು ಅವನ ನಂಬಿಕೆ, ಅದು ನಿಜವೂ ಆಗಿತ್ತು.

ಓದಿಬಿಡಬಹುದಿತ್ತು. ನಾಲ್ಕೇ ಸಾಲು. ಮಾಯಮ್ಮ ಬಾಯಿ ಬಡಿದುಕೊಳ್ಳುತ್ತಿದ್ದಳು, ನಾಲ್ಕು ಜನ ಸಮಾಧಾನ ಹೇಳುತ್ತಿದ್ದರು, ಬಸ್ಸು ಹೋಗುತ್ತಿತ್ತು. ಅಥವಾ ಕುಡಿದದ್ದನ್ನು ಬಿಟ್ಟು ಬರೀ ಕಾಲು ಜಾರಿದ್ದನ್ನು ಓದಬಹುದಿತ್ತು. ಅದು ಕರುಣೆಯೂ ಆಗುತ್ತಿತ್ತು. ಕೆಂಚಯ್ಯ ಆ ಎರಡನ್ನೂ ಯೋಚಿಸಿದ. ಯೋಚಿಸುತ್ತಿರುವಾಗ ಅವನ ಕಣ್ಣು ಅಕ್ಷರದ ಮೇಲಿರಲಿಲ್ಲ, ಮಾಯಮ್ಮನ ಪಾದದ ಮೇಲಿತ್ತು. ಬಾವಿಗೆ ಇಳಿದ ದಿನ ಬೆಳಿಗ್ಗೆ ದ್ಯಾವಯ್ಯ ಗುದ್ದಲಿ ಹೆಗಲಿಗೆ ಹಾಕಿಕೊಂಡು ಸ್ಕೂಲಿನ ಬೇಲಿಯ ಹತ್ತಿರ ನಿಂತಿದ್ದ. ಸುತ್ತ ಯಾರೂ ಇರಲಿಲ್ಲ. 'ಅಗ್ಗ ಸವ್ದೋಗೈತೆ ಮೇಷ್ಟ್ರೇ. ಮೂರ್ ಎಳೆ ಕಿತ್ತೋಗೈತೆ. ನಾನ್ ಏಳುದ್ರೆ ಸೋಂಬೇರಿ ಅಂತಾರೆ. ಚನ್ನಪ್ಪನೋರ್ಗೆ ನೀವೊಂದ್ ಮಾತೇಳಿ, ನಿಮ್ ಮಾತು ಕೇಳ್ತಾರೆ.' ಆಗಲಿ, ಸಂಜೆ ಪೇಪರು ವಿಚಾರ ಮಾತಾಡುವಾಗ ಹೇಳುತ್ತೇನೆ ಎಂದಿದ್ದ ಕೆಂಚಯ್ಯ. ಚನ್ನಪ್ಪನ ಮನೆ ಸ್ಕೂಲಿನಿಂದ ಕೂಗಳತೆಯಲ್ಲಿತ್ತು. ಬೆಳಿಗ್ಗೆ ಬೆಳಿಗ್ಗೆಯೇ ಹೋಗಿ ಒಂದು ಹಗ್ಗದ ಮಾತಾಡಿದರೆ ಮೇಷ್ಟ್ರು ಕೇರಿಯವರ ಪರ ವಕಾಲತ್ತಿಗೆ ಬಂದ ಅಂದುಕೊಂಡಾರು ಎಂದು ಸಂಜೆಗೆ ಇಟ್ಟುಕೊಂಡಿದ್ದ. ಸಂಜೆಯ ಹೊತ್ತಿಗೆ ಅವನು ಮಹಜರು ಬರೆಯುತ್ತಿದ್ದ.

'ಹಿರೀಸಾವೆ' ಎಂದು ಓದಲು ಶುರುಮಾಡಿದ. ದನಿ ಎಂದಿನ ಪೇಪರಿನ ದನಿಯೇ ಬಂತು. 'ಇಲ್ಲಿಗೆ ಸಮೀಪದ ಗ್ರಾಮವೊಂದರಲ್ಲಿ ದ್ಯಾವಯ್ಯನೆಂಬ ಕೂಲಿಯವನು...' ಇಲ್ಲಿಗೆ ನಿಲ್ಲಿಸಿ ಪುಟವನ್ನು ಮುಖದ ಹತ್ತಿರಕ್ಕೆ ತಂದುಕೊಂಡ. 'ದ್ಯಾವಯ್ಯನೆಂಬ ಕೂಲಿಯವನು, ಶ್ರೀ ಚನ್ನಪ್ಪನವರ ಬಾವಿಯ ಹೂಳನ್ನು ಎತ್ತಲು ಇಳಿದಿದ್ದಾಗ, ಹಗ್ಗವು ಹರಿದು, ಕಲ್ಲಿನ ಮೇಲೆ ಬಿದ್ದು ಮೃತಪಟ್ಟನೆಂದು ತಿಳಿದುಬಂದಿದೆ. ಹಗ್ಗವು ಸವೆದಿದೆಯೆಂದು ಮೃತನು ಬಾವಿಯ ಕಟ್ಟೆಯ ಮೇಲೆ ನಿಂತು ಹೇಳಿದರೂ, ಇನ್ನೆರಡು ಬುಟ್ಟಿ ಎತ್ತಿದ ಮೇಲೆ ನೋಡೋಣವೆಂದು ಅವನನ್ನು ಇಳಿಸಲಾಯಿತು. ಮೃತನಿಗೆ ಮದ್ಯಪಾನದ ಅಭ್ಯಾಸವಿರಲಿಲ್ಲ.' ಬೆವರು ಹುಬ್ಬಿನಿಂದ ಇಳಿದು ಪೇಪರಿನ ಮೇಲೆ ಬಿತ್ತು. ಇನ್ನು ಸಾಕು ಎಂದುಕೊಂಡ, ಆದರೆ ಬಾಯಿ ಮುಚ್ಚಲಿಲ್ಲ. 'ಹಗ್ಗದ ವಿಷಯವನ್ನು ಮೃತನು ಅದೇ ದಿನ ಬೆಳಿಗ್ಗೆ ಶಾಲೆಯ ಉಪಾಧ್ಯಾಯರಿಗೂ ತಿಳಿಸಿದ್ದನು. ಉಪಾಧ್ಯಾಯರು ಯಾರಿಗೂ ಹೇಳಲಿಲ್ಲ.'

ಒಳಗೆ ಒಲೆಯ ಮೇಲಿನ ಹಾಲು ಉಕ್ಕಿ ಚರ್ರೆಂದಿತು, ಗುಂಡಯ್ಯ ಓಡಲಿಲ್ಲ. ಚನ್ನಪ್ಪ ಕಾಲು ಕೆಳಗೆ ಬಿಟ್ಟು ನೆಟ್ಟಗೆ ಕೂತಿದ್ದ. ಪೇಪರಿಗೆ ತಿಳಿಯದ ಸಂಗತಿ ಇಲ್ಲ, ಅದು ದೆಹಲಿಯ ಒಳಮನೆಯಲ್ಲಿ ನಡೆದದ್ದನ್ನೂ ಬರೆಯುತ್ತದೆ ಎಂದು ನಾಲ್ಕು ವರ್ಷ ಕೇಳಿ ನಂಬಿದ್ದ ಮನುಷ್ಯ. ಅವನ ಮುಖ ಕಪ್ಪಿಟ್ಟಿತು. 'ಎರಡ್ ಬುಟ್ಟಿ ಅಂದದ್ದು ನಾನೊಬ್ನೇ ಕಣ್ಲಾ ಪುಟ್ಟಾ. ಅದ್ನ ಪೇಪರ್ನೋನ್ಗೆ ಯಾವನ್ಲಾ ಏಳ್ದೋನು?' ಎಂದ. ತಾನು ಏನು ಹೇಳಿದೆನೆಂದು ಅವನಿಗೆ ತಿಳಿದದ್ದು, ಹೇಳಿದ ಮೇಲೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಇದಕ್ಕೇ ಹೇಳುವುದು. ಒಳಗಿದ್ದ ಹತ್ತು ಹನ್ನೆರಡು ಮಂದಿ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಅಮೇರಿಕದ ಹುಡುಗರಿಗಾಗಿ ಬೆಂಚು ಗುದ್ದಿದ್ದ ಪುಟ್ಟಸ್ವಾಮಿಯ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಾವಿಯ ಆಚೆ ದಡದಲ್ಲಿ ಹಗ್ಗ ಹಿಡಿದು ನಿಂತಿದ್ದ ಇಬ್ಬರಲ್ಲಿ ಅವನೂ ಒಬ್ಬ. ಇನ್ನೊಬ್ಬ ಕೇರಿಯ ಕೂಲಿ, ಎರಡು ಬುಟ್ಟಿಯ ಮಾತನ್ನು ಅವತ್ತು ರಾತ್ರಿಯೇ ಕೆಂಚಯ್ಯನ ಕಿವಿಗೆ ಹಾಕಿದ್ದವನು. 'ಪೇಪರ್ನೋರು ಏನ್ ಬೇಕಾದ್ರೂ ಬರೀತಾರೆ' ಎಂದು ಮೆಲ್ಲಗೆ ಅಂದ, ಯಾರಿಗೂ ಅಲ್ಲ.

ಮಾಯಮ್ಮ ಅಳಲಿಲ್ಲ. 'ಆ ಪೇಪರ್ ನಂಗ್ ಕೊಡಿ' ಎಂದಳು. ಕೆಂಚಯ್ಯ ಕೊಡಲಿಲ್ಲ, ಕೊಡದಿರಲೂ ಇಲ್ಲ. ಅದು ಅವನ ಕೈಯಲ್ಲಿತ್ತು ಅಷ್ಟೆ. ಗುಂಡಯ್ಯ ಬಂದು ಅದನ್ನು ತೆಗೆದುಕೊಂಡ. ಆ ನಾಲ್ಕು ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿದ, ಕೆಂಚಯ್ಯನ ಮುಖ ನೋಡಿದ. ಈಗ ಹೇಳುತ್ತಾನೆ, ಈಗ ಎಲ್ಲರೆದುರು ಹೇಳುತ್ತಾನೆ ಎಂದು ಕೆಂಚಯ್ಯ ಕಾದ. ಹೇಳಿದರೆ ಸಾಕಪ್ಪ ಎಂದೂ ಅನ್ನಿಸಿತು. ಗುಂಡಯ್ಯ ಪುಟವನ್ನು ನಾಲ್ಕು ಮಡಿಕೆ ಮಾಡಿ ಮಾಯಮ್ಮನ ಕೈಗೆ ಮೇಲಿನಿಂದ ಹಾಕಿ, 'ತಗೋಮ್ಮ, ಹೋಗು' ಎಂದ. ಅದನ್ನು ಒಳ್ಳೆಯತನದಿಂದ ಮಾಡಿದನೋ, ಬೆಳಿಗ್ಗೆಯ ವ್ಯಾಪಾರದ ಹೊತ್ತಿನಲ್ಲಿ ರಗಳೆ ಬೇಡವೆಂದು ಮಾಡಿದನೋ, ಕೇಳುವಂತಿರಲಿಲ್ಲ.

'ಅಮಲ್ದಾರ್ರಿಗೆ ತೋರಿಸ್ತೀನಿ. ಪೇಪರಲ್ಲೇ ಬಂದ್ಮೇಲೆ ಇನ್ನೇನು' ಎಂದಳು ಮಾಯಮ್ಮ. ಮಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಬಸ್ಸಿನ ಕಡೆ ನಡೆದಳು. ಆಗ ಕೆಂಚಯ್ಯನಿಗೆ ತಾನು ಮಾಡಿದ್ದು ಏನು ಎಂಬುದು ಪೂರ್ತಿಯಾಗಿ ಕಂಡಿತು. ಧೈರ್ಯ ಮಾಡಿದೆ ಎಂದು ಆ ಅರ್ಧ ನಿಮಿಷ ಅವನಿಗೆ ಅನ್ನಿಸಿತ್ತು. ಮಾಡಿದ ಧೈರ್ಯದ ಹೊಣೆಯನ್ನು ಮಾತ್ರ ಅಚ್ಚಿನ ಮೇಲೆ ಹಾಕಿದ್ದ. ಮಾಯಮ್ಮ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಯಲ್ಲಿ, ಅಷ್ಟು ಜನರ ನಡುವೆ, ಆ ಜಿಡ್ಡಿನ ಪುಟವನ್ನು ಬಿಚ್ಚಿ ಮೇಜಿನ ಮೇಲಿಡುತ್ತಾಳೆ. ಅವರು ಅದನ್ನು ಓದುತ್ತಾರೆ. ಗಂಡ ಕುಡಿದು ಸತ್ತ ಎಂಬ ಕಾಗದವನ್ನು ಗಂಡನ ಸಾಕ್ಷಿಗೆಂದು ಹೊತ್ತು ತಂದವಳನ್ನು ನೋಡಿ ಗುಮಾಸ್ತರು ನಗುತ್ತಾರೆ. ಆ ನಗು ಹೇಗಿರುತ್ತದೆಂದು ಅವನಿಗೆ ಗೊತ್ತು, ಹೊಂಗೆ ಮರದ ಕೆಳಗೆ ಕೇಳಿದ್ದ. ಎದ್ದ. ಎದ್ದ ಮೇಲೆ ಸ್ಕೂಲಿಗೆ ಹೊತ್ತಾಯಿತು ಎಂದುಕೊಂಡ. ಸಂಜೆ ಅವಳ ಮನೆಗೆ ಹೋಗಿ ಸಮಾಧಾನವಾಗಿ ಹೇಳಿದರೆ ಆಯಿತು ಎಂದುಕೊಂಡ. ಸಂಜೆ ಎನ್ನುವ ಮಾತು ಮನಸ್ಸಿಗೆ ಬಂದದ್ದೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಡ್ರೈವರು ಹಾರನ್ನು ಒತ್ತುತ್ತಿದ್ದ. ಕೆಂಚಯ್ಯ ಓಡಿದ.

ಮಾಯಮ್ಮ ಹಿಂದಿನ ಸೀಟಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಜಾಗವಿತ್ತು. ಬಸ್ಸು ಹೊರಟಿತು, ಕೆಂಚಯ್ಯ ಕಂಬಿ ಹಿಡಿದು ಬಗ್ಗಿ, ಹೇಳಬೇಕಾದ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ನಿಂತ. 'ಮಾಯಮ್ಮ, ಆ ಪೇಪರು...' ಎಂದ.

'ಒಂದ್ ಮಾತು ಕೇಳ್ತೀನಿ ಅಣ್ಣಯ್ಯ' ಎಂದಳು ಅವಳು, ಕಿಟಕಿಯ ಹೊರಗೆ ನೋಡುತ್ತ. 'ಅವತ್ತು ನನ್ ಗಂಡ ನಿಮ್ಗೆ ಅಗ್ಗದ ಮಾತೇಳ್ದಾಗ ಪಕ್ದಲ್ಲಿ ಪೇಪರ್ನೋನು ನಿಂತಿದ್ನಾ?'

'ಇಲ್ಲ.'

'ಅದೇ ಅನ್ಕಂಡೆ. ಮೇಷ್ಟ್ರಿಗೆ ಏಳಿವ್ನಿ, ಅವ್ರು ನೋಡ್ಕೋತಾರೆ ಅಂತ ನನ್ ಗಂಡ ನಂಗಂದು ಕೆಲ್ಸಕ್ಕೋದ್ರು. ನೀವು, ನಾನು, ಅವ್ರು, ಮೂರೇ ಜನಕ್ಕೆ ಗೊತ್ತಿದ್ದುದ್ದು. ನೀವು ಅದ್ನೂ ಓದುದ್ರಲ್ಲ, ಆಗ್ಲೇ ತಿಳೀತು. ಇದ್ರಲ್ಲಿ ಕುಡ್ದಿದ್ದ ಅಂತ್ಲೇ ಐತೆ. ಅಲ್ವಾ?'

'ಹೂಂ.'

'ಬರ್ದೋರು ಯಾರು?'

ಬಸ್ಸು ಊರ ಹೊರಗಿನ ಏರಿ ಹತ್ತುತ್ತಿತ್ತು. ಮುಂದಿನ ಸೀಟಿನವರು ತಿರುಗಿ ನೋಡಿದರು. 'ನಾನೇ' ಎಂದ ಕೆಂಚಯ್ಯ.

ಮಾಯಮ್ಮ ಬಯ್ಯುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಸೊಂಟದಿಂದ ಮಡಿಕೆಯನ್ನು ತೆಗೆದು ಅವನ ಕೈಗೆ ಕೊಟ್ಟಳು. 'ನಾನ್ ಕೊಟ್ರೆ ಅಮಲ್ದಾರ್ರು ಇದ್ರಲ್ಲಿರೋದ್ನೇ ಓದ್ತಾರೆ. ನೀವೇ ಬನ್ನಿ. ಈಗ ಅವ್ರೆಲ್ಲಾರ ಮುಂದೆ ಎಂಗೆ ಓದುದ್ರೋ, ಅಲ್ಲೂ ಅಂಗೇ ಓದಿ. ಬರ್ದೋನು ನಾನೇ ಅನ್ನೋದ್ನೂ ಸೇರ್ಸಿ ಓದಿ.'

ಸ್ಕೂಲು ಬಂತು. ಬಾಗಿಲು ತೆಗೆಯುವ ಮೇಷ್ಟ್ರು ಇನ್ನೂ ಬರಲಿಲ್ಲವೆಂದು ಮಕ್ಕಳು ಬೇಲಿಯುದ್ದಕ್ಕೂ ನಿಂತಿದ್ದರು. ಕಂಡಕ್ಟರು ಹಗ್ಗ ಎಳೆದು ಗಂಟೆ ಬಾರಿಸಿ, 'ಇಳೀರಿ ಮೇಷ್ಟ್ರೇ, ಇದೇನು ಇಷ್ಟು ಹತ್ರಕ್ಕೂ ಬಸ್ಸಾ' ಎಂದು ನಕ್ಕ. ಬಸ್ಸು ನಿಧಾನವಾಯಿತು. ಕೆಂಚಯ್ಯನ ಕಾಲು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟಿತು, ಅದನ್ನು ಮಾಯಮ್ಮ ನೋಡಿದಳು. ಇಳಿದರೆ ಸ್ಕೂಲು ಇತ್ತು, ಜಗುಲಿ ಇತ್ತು, ನಾಳೆಯ ಪೇಪರು ಇತ್ತು. ಇಳಿಯದಿದ್ದರೆ ದಫೇದಾರರು ಇದ್ದರು, ಸುಳ್ಳು ಮಹಜರಿಗೆ ಜೈಲೂ ಇತ್ತು. ಅವನಿಗೆ ಸಣ್ಣ ಮಗುವಿಗೆ ಆಗುವಂತೆ ಹೆದರಿಕೆಯಾಯಿತು.

'ಇಲ್ಲಪ್ಪ' ಎಂದ. 'ಚನ್ನರಾಯಪಟ್ಟಣ.' ಅದು ಪೇಪರು ಓದುವ ದನಿಯಾಗಿರಲಿಲ್ಲ. ಕಂಡಕ್ಟರಿಗೆ ಕೇಳಿಸದೆ ಅವನು ಇನ್ನೊಂದು ಸಲ ಹೇಳಬೇಕಾಯಿತು.

ಗಂಟೆ ಹೊಡೆಯಿತು, ಬಸ್ಸು ಮುಂದೆ ಹೋಯಿತು. ಮಾಯಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು. ಪಕ್ಕದ ಜಾಗ ಖಾಲಿ ಇತ್ತು. ಕೂತುಕೋ ಎಂದು ಅವಳು ಅನ್ನಲಿಲ್ಲ. ಕೆಂಚಯ್ಯ ಚನ್ನರಾಯಪಟ್ಟಣದವರೆಗೂ ನಿಂತೇ ಹೋದ.